ಯಾರೂ ಸಾಯದ ಟಾಕೀಸು

ತಾಂಡೂರು ಬಜಾರಿನ ಟಾಕೀಸಿಗೆ ಬಾಲ್ಕನಿ ಇತ್ತೆಂದು ನಾನು ಹಲವರಿಗೆ ಹೇಳಿದ್ದೇನೆ. ಇರಲಿಲ್ಲ. ಅದನ್ನು ಆಮೇಲೆ ಯಾವಾಗಲೋ ನೆನಪಿನಲ್ಲಿ ನಾನೇ ಕಟ್ಟಿಸಿಕೊಂಡೆ. ಇದ್ದದ್ದು ಊರಿನ ನೀಲಿ ಕಲ್ಲಿನ ನೆಲ, ಹೆಂಗಸರಿಗೆ ಬೇರೆ ಬಾಗಿಲು, ನಡುವೆ ಎದೆಮಟ್ಟದ ಗೋಡೆ. ಹೊಸ ಸಿನಿಮಾ ಬಂದ ದಿನ ಬಶೀರಾಬಾದಿನ ಬಸ್ಸು ಅದರೆದುರೇ ಖಾಲಿಯಾಗುತ್ತಿತ್ತು.

ಶುಕ್ರವಾರ ಮಧ್ಯಾಹ್ನದ ಆಟಕ್ಕೆ ಹೋಗುತ್ತಿದ್ದವರು ಮೂವರು: ನನ್ನ ಅಜ್ಜಿ, ಅಂದರೆ ಆಯಿ, ಆಕೆಯ ಕಿರಿಯ ಸೊಸೆ ಕಾಕು, ಮತ್ತು ನಾನು. ತೆಲುಗು ಸೀಮೆಯ ಊರು, ಸಿನಿಮಾ ತೆಲುಗಿನದು. ಸೇಡಂ ಕಡೆಯಿಂದ ಬಂದ ಆಯಿಗೆ ಕನ್ನಡ ಬಿಟ್ಟರೆ ಬರುತ್ತಿದ್ದದ್ದು ಬಳೆಗಾರನೊಡನೆ ಜಗಳಾಡುವಷ್ಟು ಉರ್ದು. ಹಾಗಾಗಿ ಕಾಕು ಕಿವಿಯಲ್ಲಿ ಕಥೆ ಹೇಳಬೇಕು. ಅದಕ್ಕೆ ಆಯಿಯದೊಂದು ಕರಾರಿತ್ತು.

"ಯಾರರ ಸತ್ರಂದ್ರ ಬರೋ ಶುಕ್ರವಾರ ಇಲ್ಲ ನೋಡು. ಅಳಾಕ ಮನ್ಯಾಗೇನ್ ಕಡಿಮಿ ಅದ?"

ವಾರಕ್ಕೊಮ್ಮೆ ಕಾಕು ಹೊಸಿಲು ದಾಟುತ್ತಿದ್ದದ್ದು ಅದೊಂದಕ್ಕೇ. ಆದ್ದರಿಂದ ನಮ್ಮ ಬೆಂಚಿನ ಮೇಲೆ ಯಾರೂ ಸಾಯಲಿಲ್ಲ. ಗುಂಡು ತಗುಲಿದವನು ದಣಿದು ಮಲಗಿದ. ಫೋಟೋಕ್ಕೆ ಹಾರ ಬಿದ್ದರೆ ಹುಟ್ಟುಹಬ್ಬ. ಸತ್ತವರನ್ನು ಕೂರಿಸಿ ಹೂಳುವ ಮನೆ ನಮ್ಮದು; ಆಯಿ ಚಿತೆ ಕಂಡವಳಲ್ಲ. ತೆರೆಯ ಮೇಲೆ ಚಿತೆ ಉರಿದಾಗ ಕಾಕು ನಿರಾಳವಾಗಿ, "ಕಾಮಣ್ಣನ್ನ ಸುಡಾಕತ್ತಾರ್ರಿ ಅತ್ತೀ" ಎಂದಳು.

"ವರ್ಷಕ್ಕ ಎಷ್ಟ ಸಲ ಹೋಳಿ ಮಾಡ್ತಾರವ್ವಾ ಈ ಮಂದಿ!" ಎಂದಳು ಆಯಿ.

ಸೀಟಿ, ಕೂಸುಗಳ ಅಳು, ಸೋಡಾದವನ ಕೂಗು. ಆ ಗದ್ದಲದಲ್ಲಿ ಸುಳ್ಳು ಸಲೀಸಾಗಿ ಸಾಗಿತು. ಆಮೇಲೆ ಮನೆಮನೆಗೆ ಕೇಬಲ್ ಬಂತು, ಕೈಗೆ ಫೋನು. ಫ್ಯಾನುಗಳು ಒಂದೊಂದಾಗಿ ನಿಂತವು. ಹೆಂಗಸರ ಕಡೆ ನಮಗಿಂತ ಪಾರಿವಾಳಗಳೇ ಹೆಚ್ಚಾದವು. ಅಂಥ ಒಂದು ಶುಕ್ರವಾರ, ಖಾಲಿ ಟಾಕೀಸಿನಲ್ಲಿ ಹಿಂದಿನ ಬೆಂಚಿನ ಹೆಂಗಸು ಬಿಕ್ಕಿದ್ದು ಸ್ಪಷ್ಟವಾಗಿ ಕೇಳಿಸಿತು. ಆಯಿ ತಿರುಗಿದಳು.

"ಯಾಕವ್ವಾ, ಏನಾತು?"

"ಹೀರೋನ ಅಪ್ಪ ಸತ್ತನಲ್ಲವ್ವಾ. ಸುಟ್ಟದ್ದು ಕಾಣಲಿಲ್ಲೇನು?" ಎಂದಳು ಆಕೆ ಕನ್ನಡದಲ್ಲೇ.

ಆಯಿ ಕಾಕುವಿನ ಕಡೆ ತಿರುಗಿದಳು. ಕಾಕು ತೆರೆಯ ಮೇಲಿನ ಕಣ್ಣು ಕೀಳಲಿಲ್ಲ.

"ಹಂಗಾರ ಆ ಹಳೇ ಸಿನಿಮಾದಾಗ ಕುದುರಿ ಮ್ಯಾಲಿಂದ ಬಿದ್ದಿದ್ನಲ್ಲ, ಮೀಸಿಯವ?"

"ಸತ್ತಾನ್ರಿ."

"ಆ ಪೊಲೀಸ?"

"ಅವನೂ."

"ತವರಿಗೆ ಹೋಗ್ಯಾಳ ಅಂದಿದ್ದಿ, ಆ ಬಸುರಿ?"

ಕಾಕು ಈಗ ಕಣ್ಣು ನೆಲಕ್ಕಿಳಿಸಿದಳು. ಅಷ್ಟು ವರ್ಷಗಳ ಸಾವುಗಳೆಲ್ಲ ಒಂದೇ ಮಧ್ಯಾಹ್ನ ಆಯಿಯ ಮೇಲೆ ಬಿದ್ದವು. ಆಕೆ ಸೆರಗಿನಿಂದ ಮೂಗೊರೆಸಿಕೊಂಡಳು. ಅತ್ತಳೆಂದು ಕಾಕು ಹೇಳುತ್ತಾಳೆ, ನಕ್ಕಳೆಂದು ನಾನು; ಇಬ್ಬರನ್ನೂ ನಂಬಬೇಡಿ. ವಾರವಿಡೀ ಆಯಿ ಕೇಳುವ ಮೊದಲೇ ಕಾಕು ಚಹಾ ಕೊಟ್ಟಳು.

ಶುಕ್ರವಾರ ಆಯಿ ತಾನೇ ಚಪ್ಪಲಿ ಮೆಟ್ಟಿದಳು. ಹೋದರೆ ಗೇಟಿನಲ್ಲಿ ಟೆಂಪೋದಿಂದ ಪ್ಲಾಸ್ಟಿಕ್ ಖುರ್ಚಿ ಇಳಿಸುತ್ತಿದ್ದರು.

"ಆಟ ಬಂದ್ ಆತ್ರಿ ಅಮ್ಮಾ," ಎಂದ ಕಾವಲುಗಾರ. "ಪರದಾನೂ ಬಿಚ್ಚೀವಿ. ಇನ್ನ ಫಂಕ್ಷನ್ ಹಾಲು."

ಕಾಕುವಿನ ಮುಖ ಸಣ್ಣದಾಯಿತು. ಆಯಿ ಒಳಗೆ ಹೋಗಿ, ಒಂದು ಖುರ್ಚಿ ಎಳೆದು, ತೆರೆ ಇದ್ದ ಜಾಗದ ಬರಿ ಗೋಡೆಗೆ ಎದುರಾಗಿ ಕುಳಿತಳು.

"ಹೂಂ, ಹೇಳು."

"ಏನ್ ಹೇಳ್ಲಿರಿ ಅತ್ತೀ? ಪರದಾನೇ ಇಲ್ಲಲ್ರಿ."

"ನಿನಗ್ಯಾಕ ಬೇಕು ಪರದಾ?" ಎಂದಳು ಆಯಿ. "ಹೇಳು."