ತಂಗಿಯ ಇಷ್ಟಲಿಂಗ ಹಿಡಿದು ಸರಸಂಬಾಕ್ಕೆ

ಅಫಜಲಪುರದ ನಿಲ್ದಾಣದಲ್ಲಿ ಬೆಳಿಗ್ಗೆ ಆರೂವರೆಗೆ ಕಲಬುರಗಿ ಬಸ್ಸು ಹತ್ತಿದೆ. ಹೆಂಗಸರಿಗೆ ಟಿಕೆಟು ಪುಕ್ಕಟೆಯಾದ ಮೇಲೆ ಈ ಬಸ್ಸುಗಳಲ್ಲಿ ಗಂಡಸರು ಕಡಿಮೆ. ಅವತ್ತು ಆರೇ ಮಂದಿ ಇದ್ದೆವು. ಮೂವತ್ತೊಂದು ವರ್ಷ ಇದೇ ದಾರಿಗಳಲ್ಲಿ ಕಂಡಕ್ಟರನಾಗಿದ್ದವನು ನಾನು. ಈಗ ಎಪ್ಪತ್ತೊಂದು ವಯಸ್ಸು. ಬಸ್ಸಿನಲ್ಲಿ ಕೂತು ಹೋಗುವುದು ಇನ್ನೂ ರೂಢಿಯಾಗಿಲ್ಲ.

ನಾನು ಹೋಗಬೇಕಾಗಿದ್ದುದು ಆಳಂದ ತಾಲ್ಲೂಕಿನ ಸರಸಂಬಾಕ್ಕೆ. ಆದರೆ ಮೊದಲು ತದ್ವಿರುದ್ಧ ದಿಕ್ಕಿಗೆ, ಜೇವರ್ಗಿಗೆ ಹೊರಟಿದ್ದೆ. ಸರಸಂಬಾದಲ್ಲಿ ನನ್ನ ತಂಗಿ ಕಸ್ತೂರಿ ಸಾಯುವ ಸ್ಥಿತಿಯಲ್ಲಿದ್ದಳು. ಅವಳ ಇಷ್ಟಲಿಂಗ ಜೇವರ್ಗಿ ಕಡೆಯ ಒಂದು ಮನೆಯ ಪೆಟ್ಟಿಗೆಯಲ್ಲಿತ್ತು. ಅದನ್ನು ಅವಳ ಕೊರಳಿನಿಂದ ಬಿಚ್ಚಿಸಿ ಅಲ್ಲಿ ಇಟ್ಟವನು ನಾನೇ.

ಹಿಂದಿನ ದಿನ ಅವಳ ಮಗ ಶರಣು ಫೋನು ಮಾಡಿದ್ದ. ಇನ್ನು ಏನೂ ಮಾಡುವ ಹಾಗಿಲ್ಲ ಎಂದು ದವಾಖಾನೆಯವರು ಮನೆಗೆ ಕಳಿಸಿದ್ದರು. "ಅವ್ವನ ಕೊರಳು ಬರೇ ಅದ ಮಾಮಾ. ಮಣ್ಣಿಗಿಡೂಮುಂದ ಅಂಗೈಯಾಗ ಏನಿಡೂದ್ರಿ?" ಎಂದು ಕೇಳಿದ. ನಮ್ಮ ಲಿಂಗಾಯತರಲ್ಲಿ ಸುಡುವುದಿಲ್ಲ. ಕೂರಿಸಿ, ಎಡ ಅಂಗೈಯಲ್ಲಿ ಲಿಂಗವಿಟ್ಟು ಮಣ್ಣು ಮಾಡುತ್ತಾರೆ. ಊರಿನ ಜಂಗಮ ಅಯ್ಯನವರು ಹೊಸದೊಂದು ಕೊಡುತ್ತಿದ್ದರು, ನಿಜ. ಶರಣುವಿಗೆ ಅದು ಬೇಕಿರಲಿಲ್ಲ. ತೊಟ್ಟಿಲಲ್ಲಿದ್ದಾಗ ನಮ್ಮ ತಂದೆ ಅವಳಿಗೆ ಕಟ್ಟಿಸಿದ್ದೇ ಬೇಕಿತ್ತು. ನನಗೂ ಅದೇ ಬೇಕಿತ್ತು.

ಕಲಬುರಗಿಯಲ್ಲಿ ಮಂಡಕ್ಕಿಯ ಸುಸಲಾ ತಿಂದು ಜೇವರ್ಗಿ ಬಸ್ಸು ಹಿಡಿದೆ. ನಲವತ್ತು ಕಿಲೋಮೀಟರು. ತೊಗರಿ ಕಟಾವಾಗಿ ಹೊಲಗಳಲ್ಲಿ ಬರೀ ಕೂಳೆ ಉಳಿದಿತ್ತು. ಭೀಮಾ ಸೇತುವೆಯ ಮೇಲಿಂದ ನೋಡಿದರೆ ನೀರಿಗಿಂತ ಮರಳೇ ಹೆಚ್ಚು ಕಂಡಿತು. ಜೇವರ್ಗಿಯಿಂದ ಒಳಗೆ ಹನ್ನೊಂದು ಕಿಲೋಮೀಟರು ಟಂಟಂ ಆಟೋ. ನನ್ನ ಪಕ್ಕ ಕೂತ ರೈತನೂ ಅಪ್ಪನ ಮನೆಗೇ ಹೊರಟಿದ್ದ. ಅಪ್ಪ ಎಂದರೆ ಪೆಟ್ಟಿಗೆಯಿದ್ದ ಆ ಮನೆಯ ಗುರು. ನಾವು ಹೆಸರು ಹಿಡಿದು ಕರೆಯುತ್ತಿರಲಿಲ್ಲ.

ಎರಡು ಎಮ್ಮೆಗಳಲ್ಲಿ ಯಾವುದನ್ನು ಮಾರಬೇಕು ಎಂದು ಕೇಳಲು ಅವನು ಹೊರಟಿದ್ದ. ಅಷ್ಟಕ್ಕೂ ಅಪ್ಪಣೆ ಬೇಕೇ ಎಂದೆ.

"ನಾ ಹೇಳಿದ್ರ ಹೆಂಡ್ತಿ ಜಗಳಾ ತೆಗೀತಾಳ. ಹೆಂಡ್ತಿ ಹೇಳಿದ್ರ ನಮ್ಮವ್ವ ಊಟಾ ಬಿಡ್ತಾಳ. ಅಪ್ಪ ಹೇಳಿದ್ರ ಯಾರದೂ ತಕರಾರಿಲ್ರಿ," ಎಂದು ನಕ್ಕ. "ಎಮ್ಮಿದೂ ಇಲ್ಲ."

ನಾನೂ ನಕ್ಕೆ. ಜನ ಯಾಕೆ ಇಂಥ ಕಡೆ ಹೋಗಿ ಬುದ್ಧಿ ಒಪ್ಪಿಸುತ್ತಾರೆ ಎಂದು ಓದಿದವರು ಕೇಳುತ್ತಾರೆ. ಅವನ ಮಾತಿನಲ್ಲಿ ಅರ್ಧ ಉತ್ತರವಿತ್ತು. ಇನ್ನರ್ಧ ನನ್ನಲ್ಲಿದೆ.

ಒಬ್ಬಳೇ ಮಗಳಿಗೆ ನಾನೇ ಮನೆ ನೋಡಿ, ನಾನೇ ಹಟ ಹಿಡಿದು ಮದುವೆ ಮಾಡಿದ್ದೆ. ಎರಡೇ ವರ್ಷದಲ್ಲಿ ಅವಳು ಗಂಡನಿಂದ ಹಲ್ಲು ಮುರಿಸಿಕೊಂಡು ತವರಿಗೆ ಬಂದಳು. ಆಮೇಲೆ ಒಂದು ಅಂಗಿ ಬಟ್ಟೆ ಆರಿಸುವುದಕ್ಕೂ ನನಗೆ ಭಯವಾಗುತ್ತಿತ್ತು. ಆ ದಿನಗಳಲ್ಲೇ ನಿವೃತ್ತಿಯಾಗಿ, ಯಾರದೋ ಜೊತೆಗೆ ಮೊದಲ ಸಲ ಆ ಮನೆಗೆ ಹೋದೆ. ಅಪ್ಪ ನನ್ನ ಕಾಲುಗಳನ್ನೇ ನೋಡಿ, "ಕುಂಡ್ರು ಕಂಡಕ್ಟರಾ. ಜನ್ಮ ಪೂರಾ ನಿಂತೇ ಬಂದೀದಿ," ಎಂದರು. ನನಗೆ ಅಳು ಬಂತು. ಅಷ್ಟು ವರ್ಷಗಳಲ್ಲಿ ಯಾರೂ ನನಗೆ ಕೂರು ಎಂದಿರಲಿಲ್ಲ. ಕೂತೆ. ಒಂಬತ್ತು ವರ್ಷ ಏಳಲಿಲ್ಲ.

ಆ ಮನೆಯ ಕಟ್ಟಳೆ ಒಂದೇ. ಸೇರುವವರು ಕೊರಳ ಲಿಂಗ ಬಿಚ್ಚಿ ಪೆಟ್ಟಿಗೆಗೆ ಹಾಕಬೇಕು. ದೇವರನ್ನು ನೀವೇ ಹೊತ್ತರೆ ‘ನಾನು’ ಎಂಬುದನ್ನೂ ಹೊರುತ್ತೀರಿ, ಎರಡನ್ನೂ ಇಲ್ಲಿ ಇಡಿ ಎಂದು ಅಪ್ಪ ಹೇಳುತ್ತಿದ್ದರು. ಪೂಜಾರಿ ನಡುವೆ ಬೇಡ, ನಿನ್ನ ದೇವರು ನಿನ್ನ ಅಂಗೈಯಲ್ಲೇ ಇರಲಿ ಎಂದು ಶರಣರು ಕೊಟ್ಟದ್ದನ್ನು ನಾವು ಬಿಚ್ಚಿ ಕೊಟ್ಟೆವು. ಕಸ್ತೂರಿಯನ್ನೂ ನಾನೇ ಕರೆತಂದು ಅಲ್ಲಿ ಸೇರಿಸಿದೆ. ಹತ್ತನೇ ತರಗತಿ ಓದಿದವನು, ಅಕ್ಷರ ಚೆಂದ ಎಂದು ಚೀಟಿ ಬರೆಯುವ ಕೆಲಸ ನನಗೆ ಬಂತು. ಬಿತ್ತನೆಗೆ, ಮದುವೆಗೆ, ದವಾಖಾನೆಗೆ ಜನ ಕೇಳುತ್ತಿದ್ದರು. ಅಪ್ಪ ತಲೆ ಆಡಿಸುತ್ತಿದ್ದರು. ನಾನು "ಅಪ್ಪಣೆ ಆಗಿದೆ" ಅಥವಾ "ಅಪ್ಪಣೆ ಇಲ್ಲ" ಎಂದು ಬರೆದುಕೊಡುತ್ತಿದ್ದೆ. ಟಿಕೆಟು ಹರಿದುಕೊಟ್ಟ ಹಾಗೆಯೇ.

ಕಸ್ತೂರಿಯ ಎದೆಯಲ್ಲಿ ಗಂಟು ಕಂಡಾಗಲೂ ಚೀಟಿ ಬರೆದವನು ನಾನು. ದವಾಖಾನೆಗೆ ಹೋಗಲು ಮೂರು ಅಮಾವಾಸ್ಯೆ ಕಾಯಲಿ ಎಂದು ಅಪ್ಪ ಹೇಳಿದ್ದರು. ಆಮೇಲೆ ಇನ್ನೂ ಮೂರು. ಹೀಗೆ ಎರಡು ವರ್ಷ ಕಳೆದವು.

ಕೊನೆಗೆ ನಾನು ಆ ಮನೆ ಬಿಟ್ಟದ್ದು ಅದಕ್ಕಾಗಿಯೂ ಅಲ್ಲ ಎನ್ನಲು ನಾಚಿಕೆಯಾಗುತ್ತದೆ. ಒಂದು ದಿನ ಅಪ್ಪ ಊರಲ್ಲಿರಲಿಲ್ಲ. ಬಾವಿ ತೋಡಲು ಅಪ್ಪಣೆ ಬೇಕೆಂದು ಒಬ್ಬ ಮುದುಕ ಬಿಸಿಲಲ್ಲಿ ಕಾದು ಕೂತಿದ್ದ. ಬೇಸತ್ತು ನಾನೇ ಚೀಟಿ ಬರೆದುಕೊಟ್ಟೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ನನ್ನ ಕಾಲಿಗೆ ಬಿದ್ದ. ಅಪ್ಪ ತಲೆ ಆಡಿಸದಿದ್ದರೂ ನನ್ನ ಅಕ್ಷರವೇ ಅಪ್ಪಣೆಯಾಗಿತ್ತು. ಮರುವಾರ ಯಾರಿಗೂ ಹೇಳದೆ ಊರಿಗೆ ಬಂದುಬಿಟ್ಟೆ. ಕಸ್ತೂರಿಗೂ ಹೇಳಲಿಲ್ಲ. ಅವಳನ್ನು ಅಲ್ಲೇ ಬಿಟ್ಟು ಬಂದೆ. ಆಮೇಲೆ ಅವಳು ಪ್ರಜ್ಞೆ ತಪ್ಪಿ ಬಿದ್ದಾಗ ಶರಣುವೇ ಎತ್ತಿಕೊಂಡು ದವಾಖಾನೆಗೆ ಒಯ್ದನಂತೆ. ಅಷ್ಟರಲ್ಲಿ ತಡವಾಗಿತ್ತು.

ಟಂಟಂ ಇಳಿದು ಒಳಗೆ ಹೋದೆ. ಅಪ್ಪ ಈಗ ಇನ್ನೂ ಮುದುಕರಾಗಿದ್ದರು. ಮೊಣಕಾಲಿಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದರು. ದಾರಿಯುದ್ದಕ್ಕೂ ನಾನು ಬೈಗುಳ ಜೋಡಿಸಿಕೊಂಡು ಬಂದಿದ್ದೆ. ಅವರು ನನ್ನನ್ನು ನೋಡಿ, "ಬಂದ್ಯಾ ಕಂಡಕ್ಟರಾ? ಕುಂಡ್ರು," ಎಂದರು. ಮಾತು ಕಿವಿಗೆ ಬೀಳುವಷ್ಟರಲ್ಲಿ ನಾನು ಕೂತಾಗಿತ್ತು.

ಕೂತಲ್ಲಿಂದಲೇ ತಂಗಿಯ ಲಿಂಗ ಬೇಕು ಎಂದೆ. "ಒಯ್ಯಿ. ನಾ ಎಂದಾದ್ರೂ ಬ್ಯಾಡ ಅಂದೀನೇನು?" ಎಂದರು. ಒಳಗೆ ಹೋಗಿ ನೋಡಿದೆ. ಪೆಟ್ಟಿಗೆಗೆ ಬೀಗ ಇರಲಿಲ್ಲ. ಬರೀ ಚಿಲಕ. ನಾನಿದ್ದ ಒಂಬತ್ತು ವರ್ಷವೂ ಇರಲಿಲ್ಲ ಎಂಬುದು ಆಗ ನೆನಪಾಯಿತು. ಬಿಳಿ ಬಟ್ಟೆಯ ಗಂಟುಗಳು ಕಂಠಮಟ್ಟ ತುಂಬಿದ್ದವು. ಬಹುತೇಕ ಎಲ್ಲದರ ಮೇಲೂ ನನ್ನ ಅಕ್ಷರದಲ್ಲಿ ಹೆಸರು. ಕಸ್ತೂರಿಯದನ್ನೂ ನನ್ನದನ್ನೂ ತೆಗೆದುಕೊಂಡೆ. ಹೊರಗೆ ಆ ರೈತ ಎಮ್ಮೆಯ ಸರದಿಗೆ ಕಾದಿದ್ದ. ನಿನ್ನ ಗಂಟನ್ನೂ ತಂದುಕೊಡಲೇ ಎಂದು ಕೇಳಿದೆ. ಹಾವು ಕಂಡವನಂತೆ ಅವನು ಸರಿದು ಕೂತ.

ಟಂಟಂ ಸಿಕ್ಕದೆ ಜೇವರ್ಗಿ ತಲುಪುವಷ್ಟರಲ್ಲಿ ರಾತ್ರಿಯಾಗಿತ್ತು. ಅಲ್ಲಿನ ಲಾಡ್ಜಿನಲ್ಲಿ ಉಳಿದು, ಮರುದಿನ ಬೆಳಿಗ್ಗೆ ಹೊರಟೆ. ಕಲಬುರಗಿ ದಾಟಿ ಆಳಂದ ತಲುಪುವಾಗ ಹನ್ನೆರಡಾಗಿತ್ತು. ಖಾನಾವಳಿಯಲ್ಲಿ ರೊಟ್ಟಿ, ಪುಂಡಿಪಲ್ಯ ಕೊಟ್ಟರು. ಅರ್ಧವೂ ಇಳಿಯಲಿಲ್ಲ. ಸರಸಂಬಾ ಬಸ್ಸಿನಲ್ಲಿ ಅರ್ಧ ಜನ ಮರಾಠಿಯಲ್ಲಿ, ಅರ್ಧ ಜನ ಕನ್ನಡದಲ್ಲಿ ಹರಟುತ್ತಿದ್ದರು. ನಾನು ಕೈಚೀಲವನ್ನು ಎದೆಗೆ ಒತ್ತಿಕೊಂಡೇ ಕೂತಿದ್ದೆ.

ಕಸ್ತೂರಿ ಪಡಸಾಲೆಯಲ್ಲಿ ಮಲಗಿದ್ದಳು. ಹಾಸಿಗೆಯಲ್ಲಿ ಹೆಂಗಸು ಇದ್ದಾಳೆಂದು ತಿಳಿಯಲು ಎರಡು ಸಲ ನೋಡಬೇಕಾಯಿತು. ಲಿಂಗವಿದ್ದ ಬೆಳ್ಳಿ ಕರಡಿಗೆಯನ್ನು ಅವಳ ಕಣ್ಣ ಮುಂದೆ ಹಿಡಿದೆ. ಗುರುತು ಹಿಡಿದಳು. ಅದರ ಶಿವದಾರವನ್ನು ಕೊರಳಿಗೆ ಕಟ್ಟಲು ಹೋದರೆ ಕೈಯಿಂದ ತಡೆದಳು.

"ಅಪ್ಪಣಿ ಆಗ್ಯದೇನು?"

ಅದಕ್ಕೆ ಅಪ್ಪಣೆ ಬೇಕಿಲ್ಲ, ಇದು ನಿನ್ನದು ಎಂದೆ. ನೆಲಕ್ಕೆ ಕೂತು ಎಲ್ಲ ಹೇಳಿದೆ. ಎದೆಯ ಗಂಟಿನ ಚೀಟಿ, ಬಾವಿಯ ಚೀಟಿ, ಬೀಗವಿಲ್ಲದ ಪೆಟ್ಟಿಗೆ. ತಪ್ಪಾಯಿತು ಎಂದೆ. ಅವಳು ಕಣ್ಣು ಮುಚ್ಚಿ ಪೂರ್ತಿ ಕೇಳಿದಳು.

"ಕಡೀ ಗಳಿಗ್ಯಾಗ ಸ್ವಂತದವರೇ ಬಂದು ಮನಸ್ಸು ಕೆಡಸ್ತಾರ ಅಂತ ಅಪ್ಪ ಹೇಳಿದ್ರು. ನೀನೇ ಬರ್ತೀದಿ ಅನ್ಕೊಂಡಿರ್ಲಿಲ್ಲ ಅಣ್ಣಾ. ಚೀಟಿ ಅದನೋ ಇಲ್ಲೋ ಅಷ್ಟು ಹೇಳು."

ಬಾಗಿಲಲ್ಲಿ ನಿಂತಿದ್ದ ಶರಣು ನನ್ನನ್ನೇ ನೋಡಿದ. ಅವಳ ಉಸಿರು ಗೊರಗೊರ ಎನ್ನುತ್ತಿತ್ತು. ಖರೆ ಹೇಳಿ ಅವಳನ್ನು ಬರಿಗೊರಳಿನಲ್ಲಿ ಕಳಿಸಬಹುದಿತ್ತು. ನನ್ನಿಂದ ಆಗಲಿಲ್ಲ. ಜೇಬಿನಲ್ಲಿ ಆಳಂದದ ಟಿಕೆಟಿತ್ತು. ಅದರ ಹಿಂದೆ "ಅಪ್ಪಣೆ ಆಗಿದೆ" ಎಂದು ಬರೆದೆ. ಅಕ್ಷರ ಹಿಂದಿನಂತೆಯೇ ಚೆಂದ ಬಂತು.

ಅವಳು ಅದನ್ನು ಕಣ್ಣಿಗೊತ್ತಿಕೊಂಡಳು. ಕೊರಳು ಮುಂದೆ ಮಾಡಿದಳು. ಕಟ್ಟಿದೆ.

ಮರುದಿನ ಬೆಳಿಗ್ಗೆ ಹೊರಡುವಾಗ ಅವಳಿಗೆ ಮಾತು ನಿಂತಿತ್ತು. ಎಡಗೈ ಎದೆಯ ಮೇಲಿನ ಕರಡಿಗೆಯನ್ನು ಹಿಡಿದಿತ್ತು. ಬಲಮುಷ್ಟಿಯಲ್ಲಿ ಚೀಟಿ. ಅದನ್ನು ಬಿಡಿಸಲು ಸೊಸೆ ನೋಡಿದರೆ ಬೆರಳು ಇನ್ನೂ ಬಿಗಿಯಾದವಂತೆ. ಮಣ್ಣಿನ ತನಕ ಇರಿ ಎಂದು ಅವರು ಹೇಳಿದರು. ಆ ಮುಷ್ಟಿಯ ಎದುರು ಕೂತಿರಲು ನನ್ನಿಂದ ಆಗಲಿಲ್ಲ. ಎರಡನೇ ಸಲವೂ ಅವಳನ್ನು ಬಿಟ್ಟೇ ಹೊರಟೆ.

ಶರಣು ಬಸ್ಸಿನ ತನಕ ಬಂದ. ನಾನು ಕೂತ ಕಿಟಕಿಯ ಕೆಳಗೆ ನಿಂತು ಕೇಳಿದ.

"ಮಣ್ಣಿಗಿಡೂಮುಂದ ಆ ಚೀಟಿ ತೆಗೀಲೇನ್ರಿ ಮಾಮಾ, ಇರಲೇನ್ರಿ?"

"ನಿಮ್ಮವ್ವ ಆಕಿ. ನೀನೇ ವಿಚಾರ ಮಾಡು," ಎಂದೆ.

ಅವನು ತಲೆ ಆಡಿಸಿದ. ಆದರೆ ಹೋಗಲಿಲ್ಲ. ಬಸ್ಸು ಹೊರಟಿತು. ಹಿಂದಿರುಗಿ ನೋಡಿದೆ. ಅವನು ಅಲ್ಲೇ ನಿಂತಿದ್ದ, ನಾನಿನ್ನೂ ಉತ್ತರ ಕೊಟ್ಟೇ ಇಲ್ಲ ಎಂಬಂತೆ.