ಕುಣಿಮಗ್ಗದ ಕತ್ತಲಲ್ಲಿ ಕ್ಯಾಲ್ಸಿಯಂ

“ನಾನು ಮೊಳಕಾಲ್ಮುರಿನಾಗೆ ಇದೀನಿ ಚಿಕ್ಕವ್ವ, ಅತ್ತೆ ಮನೇಲಿ” ಎಂದು ಅಕ್ಕನ ಮಗಳು ಫೋನಿನಲ್ಲಿ ಹೇಳಿದಾಗ ನಾನು ಅಂಗನವಾಡಿಯಲ್ಲಿ ಮೊರ ಹಿಡಿದು ಬೇಳೆ ಕೇರುತ್ತಿದ್ದೆ. ಮೊರ ಅಲ್ಲೇ ನಿಂತಿತು.

“ಯಾವಾಗ ಹೋದೆ?”

“ಮೊನ್ನೆ.”

“ಚಳ್ಳಕೆರೆ ಮೇಲೇ ಹೋಗಿರ್ಬೇಕಲ್ಲ?”

“ಹೂಂ. ಮನೆ ಕಡೆ ಬರ್ಲಿಲ್ಲ. ಆ ಕಡೆ ಬಸ್ಸು ಹೊರಡೋಕೆ ನಿಂತಿತ್ತು, ಹತ್ತಿಬಿಟ್ಟೆ.”

ನಮ್ಮ ಮನೆ ಚಳ್ಳಕೆರೆ ಬಸ್‌ಸ್ಟ್ಯಾಂಡಿಗೆ ಕೂಗಳತೆಯಲ್ಲಿದೆ. ಅಲ್ಲಿ ಕಂಡಕ್ಟರು ಸೀಟಿ ಊದಿದರೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಅವಳಿದ್ದ ಬಸ್ಸಿನ ಸೀಟಿಯೂ ನನ್ನ ಕಿವಿಗೆ ಬಿದ್ದಿರಬೇಕು. ನಾನು ಒಗ್ಗರಣೆ ಹಾಕುತ್ತಾ ಇದ್ದಿರಬೇಕು.

ಈ ಹುಡುಗಿ ಪರಶುರಾಂಪುರದ ಹತ್ತಿರ ಹೊಲ-ಮನೆ ಇರುವ ನನ್ನ ಅಕ್ಕನಿಗೆ ಹುಟ್ಟಿದವಳಾದರೂ ಹೈಸ್ಕೂಲಿನಿಂದ ಡಿಗ್ರಿ ಮುಗಿಯುವವರೆಗೆ ನನ್ನ ಮನೆಯಲ್ಲೇ ಬೆಳೆದಳು. ನನ್ನ ಪಕ್ಕದಲ್ಲೇ ಮಲಗಿದಳು, ನನ್ನ ಕತೆಗಳನ್ನೇ ಕೇಳಿದಳು. ನನಗೆ ಮಾತು ಬಂದದ್ದು ನಮ್ಮಜ್ಜಿಯಿಂದ. ಶೇಂಗಾ ಬಿಡಿಸಲು ಕೂತ ಹೆಂಗಸರಿಗೆ ಬೇಸರವಾಗಬಾರದೆಂದು ಅಜ್ಜಿ ಕತೆ ತೆಗೆಯುತ್ತಿದ್ದಳು. ಮೂಟೆ ಮುಗಿದರೂ ಕತೆ ಮುಗಿಯುತ್ತಿರಲಿಲ್ಲ. ಅದನ್ನೇ ನಾನು ಹಿಡಿದುಕೊಂಡೆ. ನೆಂಟರಿಷ್ಟರಲ್ಲಿ ಒಂದು ವಿಷಯವನ್ನು ನಾಲ್ಕು ಜನಕ್ಕೆ ಹೇಳಬೇಕಾದರೆ “ಚಳ್ಳಕೆರೆಯವಳನ್ನ ಕರೀರಿ” ಎನ್ನುವುದು ರೂಢಿ. ಮೊಳಕಾಲ್ಮುರಿನ ಅತ್ತೆ ಎಂದರೆ ಹುಡುಗಿಯ ತಂದೆಯ ಅಕ್ಕ, ನನಗೆ ಬೀಗತಿ. ರೇಷ್ಮೆ ಸೀರೆ ನೇಯುವ ಮನೆಗೆ ಸೊಸೆಯಾಗಿ ಹೋಗಿ ಮಗ್ಗ ಕಲಿತವಳು. ಬಾಯಲ್ಲಿ ಮಾತೇ ಇಲ್ಲ. ಮದುವೆ ಮನೆಗಳಲ್ಲಿ ಕಂಬಕ್ಕೆ ಒರಗಿ ಕೂತರೆ ಊಟಕ್ಕೆ ಎಬ್ಬಿಸುವವರೆಗೂ ಹಾಗೇ ಇರುತ್ತಾಳೆ.

ಅಂಥವಳ ಮನೆಗೆ, ಅದೂ ಮಾತಿನ ಕೆಲಸಕ್ಕೆ, ಹುಡುಗಿ ಹೋಗಿದ್ದಳು.

ಹುಡುಗಿ ಈಗ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮಾಡುತ್ತಾಳೆ. ತಾವು ಮಾಡುವ ಕೆಲಸವನ್ನು ವಿಜ್ಞಾನ ಓದದ ಜನರ ಮುಂದೆ ಕನ್ನಡದಲ್ಲಿ ಹೇಳುವ ಸ್ಪರ್ಧೆಯೊಂದು ಅಲ್ಲಿ ಇತ್ತು. ಹತ್ತು ನಿಮಿಷದ ಭಾಷಣ. ತಿಂಗಳ ಹಿಂದೆಯೇ ನನಗೆ ಹೇಳಿದ್ದಳು. ನಾನು ಅಂದೇ ಮನಸ್ಸಿನಲ್ಲಿ ಚಾಪೆ ಹಾಸಿ ಕೂತುಬಿಟ್ಟಿದ್ದೆ. ಅವಳು ಬರುತ್ತಾಳೆ, ನಾನು ಹೇಳಿಕೊಡುತ್ತೇನೆ, ಅವಳು ಗೆಲ್ಲುತ್ತಾಳೆ. ಇದರಲ್ಲಿ ಅನುಮಾನಪಡುವಂಥದ್ದು ಏನಿತ್ತು?

ವಿಷಯವನ್ನೂ ಆಗ ಫೋನಿನಲ್ಲೇ ವಿವರಿಸಿದ್ದಳು. ಕಣ್ಣಿನ ಹಿಂದಿನ ಪರದೆಯಲ್ಲಿ ಬೆಳಕನ್ನು ಹಿಡಿಯುವ ಜೀವಕಣಗಳಿವೆ. ಅವುಗಳೊಳಗೆ ರೋಡಾಪ್ಸಿನ್ ಎಂಬ ಪ್ರೋಟೀನು. ಬೆಳಕು ಬಿದ್ದ ಕೂಡಲೇ ಅದು ಎಚ್ಚರಗೊಂಡು ಸುದ್ದಿ ಕೂಗುತ್ತದೆ. ಕೂಗುತ್ತಲೇ ಇದ್ದರೆ ಮುಂದಿನ ಸುದ್ದಿ ಕೇಳಿಸುವುದಿಲ್ಲವಾದ್ದರಿಂದ ಅದನ್ನು ಸುಮ್ಮನಾಗಿಸಲು ಒಂದು ಕಿಣ್ವ ಇದೆ. ಆ ಕಿಣ್ವ ಹೋಗಿ ರೋಡಾಪ್ಸಿನ್ನಿನ ಬಾಲಕ್ಕೆ ರಂಜಕದ ತುಣುಕುಗಳನ್ನು ಅಂಟಿಸುತ್ತದೆ. ಗುರುತು ನೋಡಿ ಇನ್ನೊಂದು ಪ್ರೋಟೀನು ಬಂದು ಅದರ ಬಾಯಿ ಮುಚ್ಚುತ್ತದೆ. ಆದರೆ ಕಿಣ್ವ ಬೇಕಾದಾಗ ಬೇಕಾದಂತೆ ಓಡಾಡುವ ಹಾಗಿಲ್ಲ. ರಿಕವರಿನ್ ಎಂಬ ಪುಟ್ಟ ಪ್ರೋಟೀನು ಅದರ ಕೈ ಹಿಡಿದುಕೊಂಡಿರುತ್ತದೆ. ಕ್ಯಾಲ್ಸಿಯಂ ಸಿಕ್ಕಾಗ ಹಿಡಿಯುತ್ತದೆ, ಕ್ಯಾಲ್ಸಿಯಂ ಕಡಿಮೆಯಾದಾಗ ಬಿಡುತ್ತದೆ. ಈ ಹಿಡಿಯುವುದು, ಬಿಡುವುದೇ ಅವಳ ಸಂಶೋಧನೆ.

“ಕ್ಯಾಲ್ಸಿಯಂ ಅಂದ್ರೆ ನಾವು ಬಸುರೇರಿಗೆ ಕೊಡೋ ಗುಳಿಗೆದಾ?” ಎಂದು ಕೇಳಿದ್ದೆ.

“ಅದೇ ಕ್ಯಾಲ್ಸಿಯಂ. ಆದ್ರೆ ಗುಳಿಗೆ ನುಂಗಿದ್ರೆ ಕತ್ತಲಲ್ಲಿ ಕಣ್ಣು ಕಾಣ್ತೈತೆ ಅಂತ ಹೋಗಿ ಹೇಳ್ಬ್ಯಾಡ ಮತ್ತೆ! ಇದು ಕಣದೊಳಗಿನ ಲೆಕ್ಕ.”

ಹೇಳಲಿಲ್ಲ. ಆದರೂ ಕ್ಯಾಲ್ಸಿಯಂ ವಿಷಯಕ್ಕೆ ನಮ್ಮ ಬಳಗದಲ್ಲಿ ನನಗಿಂತ ಹತ್ತಿರದವರು ಯಾರಿದ್ದಾರೆ? ಬೀಗತಿಗೆ ಅದರ ಡಬ್ಬಿಯ ಬಣ್ಣವೂ ಗೊತ್ತಿಲ್ಲ. ಅಂದೇ ಕೂತು ಒಂದು ಕತೆ ಕಟ್ಟಿದ್ದೆ. ರೋಡಾಪ್ಸಿನ್ ಎಂಬ ಗುಣವಂತೆ ಸೊಸೆ. ಅವಳು ಬಾಯಿ ಬಿಟ್ಟರೆ ಸಾಕು, ಉರಿದುಬೀಳುವ ಕಿಣ್ವ ಎಂಬ ಘಟವಾಣಿ ಓರಗಿತ್ತಿ. ಇವಳನ್ನು ತಡೆದು ನಿಲ್ಲಿಸುವ ರಿಕವರಿನ್ ಎಂಬ ಮೈದುನ. ಮರುದಿನ ಹುಡುಗಿಗೆ ಹೇಳಿದೆ. ಬಹಳ ನಕ್ಕಳು. ಅದು ಒಪ್ಪಿಗೆಯ ನಗು ಎಂದುಕೊಂಡಿದ್ದೆ.

ಭಾನುವಾರ ಬೆಳಿಗ್ಗೆಯೇ ಮೊಳಕಾಲ್ಮುರು ಬಸ್ಸು ಹತ್ತಿದೆ. ಒಬ್ಬಟ್ಟು ಮಾಡಿಕೊಂಡು ಹೋಗಿದ್ದೆ. ಹುಡುಗಿಗೆ ಇಷ್ಟ ಎಂದಲ್ಲ. ಬೀಗತಿಗೆ ಕಣಕ ತೆಳ್ಳಗೆ ಎಳೆಯಲು ಬರುವುದಿಲ್ಲ ಎಂದು. ತಳಕು ಊರು ದಾಟಿದ ಮೇಲೆ ಬಿಸಿಲು ಕಿಟಕಿಯಿಂದ ಒಳಗೇ ಬಂದು ಕೂತಿತು. ಇಳಿದು ಅವರ ಬೀದಿಗೆ ನಡೆಯುವಷ್ಟರಲ್ಲಿ ಸುಣ್ಣದ ಗೋಡೆಗಳೆಲ್ಲಾ ಕಣ್ಣಿಗೆ ಚುಚ್ಚುತ್ತಿದ್ದವು. ಬೀದಿಯುದ್ದಕ್ಕೂ ಮಗ್ಗದ ಸದ್ದು, ಒಂದು ಮನೆಯದು ನಿಂತರೆ ಮುಂದಿನ ಮನೆಯದು.

ಬಾಗಿಲು ದಾಟಿ ಒಳಗೆ ಕಾಲಿಟ್ಟೆ. ಏನೂ ಕಾಣಲಿಲ್ಲ.

ನೆಲದಲ್ಲಿ ಕುಣಿ ತೋಡಿ ಕೂರಿಸಿದ ಮಗ್ಗ ಅದು. ನೇಯುವವರು ಕುಣಿಯೊಳಗೆ ಕಾಲು ಇಳಿಬಿಟ್ಟು ಕೂರುತ್ತಾರೆ. ರೇಷ್ಮೆಯ ಎಳೆ ಒಣಗಬಾರದೆಂದು ಕಿಟಕಿ ಅರ್ಧ ಮುಚ್ಚಿರುತ್ತಾರೆ. ನನಗೆ ಕೇಳಿಸಿದ್ದು ಮಗ್ಗದ ಸದ್ದು, ಆಮೇಲೆ ಇಬ್ಬರು ಹೆಂಗಸರು ಒಟ್ಟಿಗೆ ನಕ್ಕದ್ದು. ಒಂದು ನಗು ನಾನು ಸಾಕಿದ ನಗು. ಇನ್ನೊಂದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಆ ಕಂಬಕ್ಕೆ ಒರಗುವ ಹೆಂಗಸಿಗೆ ನಗು ಇದೆ ಎಂದು ನನಗೆ ಗೊತ್ತಿರಲಿಲ್ಲ.

“ಅಲ್ಲೇ ನಿಂತ್ಕೋ ಚಿಕ್ಕವ್ವ! ಹೆಜ್ಜೆ ಇಡ್ಬ್ಯಾಡ, ಕುಣಿ ಐತೆ!” ಹುಡುಗಿಯ ದನಿ ಕೆಳಗಿನಿಂದ ಬಂತು. “ನಮಗೆ ನೀನು ಕಾಣ್ತೀಯ. ಕೈಯಾಗೆ ಡಬ್ಬಿ ಐತೆ, ಮುಖ ಊದೈತೆ.”

“ಬಿಸಿಲಿಗೆ ಊದೈತೆ” ಎಂದೆ.

“ಬಿಸಿಲಾಗೆ ನಿನ್ನ ಕಣ್ಣಿನ ಕಣದಾಗೆ ಕ್ಯಾಲ್ಸಿಯಂ ಇಳಿದಿತ್ತು. ರಿಕವರಿನ್ ಕೈ ಬಿಟ್ಟಿತ್ತು. ಕಿಣ್ವ ಓಡಾಡಿ ಎಲ್ಲರ ಬಾಯಿ ಮುಚ್ಚಿಸ್ತಿತ್ತು.” ಮಗ್ಗ ಒಂದು ಸಲ ಸದ್ದು ಮಾಡಿತು. “ಈಗ ಕತ್ತಲು. ಕ್ಯಾಲ್ಸಿಯಂ ಏರ್ತೈತೆ.” ಸದ್ದು. “ರಿಕವರಿನ್ ಕಿಣ್ವನ ಹಿಡ್ಕೊಳ್ತೈತೆ.” ಸದ್ದು. “ಇನ್ಮೇಲೆ ಒಂದು ಚೂರು ಬೆಳಕು ಬಿದ್ರೂ ಅದರ ಕೂಗು ಜಾಸ್ತಿ ಹೊತ್ತು ಕೇಳ್ತೈತೆ.”

“ತರ್ವಾತ?” ಎಂದಳು ಬೀಗತಿ. ಮೊಳಕಾಲ್ಮುರಿನಲ್ಲಿ ಆಮೇಲೆ ಎನ್ನುವುದಕ್ಕೆ ಅರ್ಧ ಜನ ಹೀಗೇ ತೆಲುಗಿನಲ್ಲಿ ಕೇಳುತ್ತಾರೆ.

“ತರ್ವಾತ ಚಿಕ್ಕವ್ವನಿಗೆ ನಾವು ಕಾಣ್ತೀವಿ.”

ನಿಧಾನವಾಗಿ ಕಂಡರು. ಮೊದಲು ಸೀರೆಯ ಅಂಚಿನ ಜರಿ, ಆಮೇಲೆ ಬೀಗತಿಯ ಮೂಗುಬೊಟ್ಟು, ಕೊನೆಗೆ ಅವಳ ಮಗ್ಗುಲಿಗೇ ಭುಜ ತಾಗಿಸಿ ಕೂತ ನನ್ನ ಹುಡುಗಿ. ಒಡಲಿಗೊಂದು ಬಣ್ಣ, ಅಂಚಿಗೊಂದು ಬಣ್ಣ ಇರುವ ಸೀರೆಗೆ ಒಬ್ಬರ ಕೈ ಸಾಲದು. ಅಡ್ಡ ಎಳೆ ಒಯ್ಯುವ ನಡುವಿನ ಲಾಳಿಯನ್ನು ನೇಯುವವಳು ಎಸೆದರೆ, ಆಚೆ ಅಂಚಿನ ಲಾಳಿಯನ್ನು ಪಕ್ಕದವರು ಎಸೆಯಬೇಕು. ದಿನವೂ ಆ ಜಾಗದಲ್ಲಿ ಬೀಗತಿಯ ಗಂಡ ಕೂರುತ್ತಿದ್ದರು. ಅವರಿಗೆ ಭುಜ ನೋವು ಬಂದಿತ್ತು; ಹಾಗಾಗಿ ಹುಡುಗಿ ಕೂತಿದ್ದಳು.

“ಬೀಗ್ತಿ ಬಂದ್ಳು ನೋಡು” ಎಂದಳು ಬೀಗತಿ, “ಚಳ್ಳಕೆರೆ ಬಿಸಿಲೆಲ್ಲಾ ಹೊತ್ಕೊಂಡು.”

“ಇಲ್ಲಿ ಬಿಸಿಲಿಗೆ ಬಾಗಿಲು ಹಾಕೀರಲ್ಲ ಅಕ್ಕ, ಅದಕ್ಕೆ ನಾನೇ ತಂದೆ.”

ಒಬ್ಬಟ್ಟು ತಿಂದರು. ಬೀಗತಿ ಎರಡು ತಿಂದು “ಚೆನ್ನಾಗೈತೆ” ಎಂದಳು. ನನಗೆ ಅದನ್ನೂ ಸಹಿಸಲಾಗಲಿಲ್ಲ. ಅವಳು ನೀರು ತರಲು ಒಳಗೆ ಹೋದ ಹೊತ್ತಿಗೆ ಹುಡುಗಿಯನ್ನು ಕೇಳಿಯೇ ಬಿಟ್ಟೆ: “ನಾನು ಸತ್ತಿದ್ನೇನೆ? ಮಾತೇ ಬರದೋಳ ಹತ್ರ ಮಾತು ಕಲಿಯೋಕೆ ಬಂದೀಯ?”

ಅವಳು ಬೆರಳಿನ ತುಪ್ಪ ಒರೆಸಿಕೊಂಡಳು. “ಅತ್ತೆಗೆ ಕತೆ ಬರಲ್ಲ ಚಿಕ್ಕವ್ವ, ಅದಕ್ಕೇ ಬಂದೆ. ನಿನ್ನ ಹತ್ರ ಬಂದ್ರೆ ಕತೆ ನಿಂದಾಗ್ತೈತೆ. ನಾನು ವರ್ಷಗಟ್ಲೆ ಆ ಕಿಣ್ವದ ಜೊತೆ ಕೂತೀನಿ, ನೀನು ಒಂದೇ ದಿನಕ್ಕೆ ಅದನ್ನ ಘಟವಾಣಿ ಮಾಡಿಬಿಟ್ಟೆ. ಅದು ಕೆಟ್ಟದ್ದಲ್ಲ. ಅದು ಬಾಯಿ ಮುಚ್ಚಿಸದಿದ್ರೆ ಕಣ್ಣಿಗೆ ಎರಡನೇ ಬೆಳಕು ಕಾಣೋದೇ ಇಲ್ಲ. ಇಲ್ಲಿ ಹಂಗಲ್ಲ. ಲಾಳಿ ನನ್ನ ಕೈಗೆ ಬರೋದ್ರೊಳಗೆ ಒಂದು ಮಾತು ಮುಗೀಬೇಕು. ಅತ್ತೆ ತರ್ವಾತ ಅಂದ್ರೆ ಇನ್ನೊಂದು ಮಾತು. ಅಷ್ಟೇ.”

ಹುಡುಗಿ ಮೆತ್ತಗೇ ಹೇಳಿದಳು. ಮೆತ್ತಗೆ ಹೇಳಿದ್ದರಿಂದಲೇ ಒಳಗೆ ಇಳಿಯಿತು. ಜಗಳವಾಡಿದ್ದರೆ ನಾನು ಗೆಲ್ಲುತ್ತಿದ್ದೆ.

ಬೀಗತಿ ಬಂದು ಮಗ್ಗಕ್ಕೆ ಇಳಿದಳು. ನಾನು ಸೆರಗು ಸಿಕ್ಕಿಸಿಕೊಂಡೆ. “ಏಳೇ ಹುಡುಗಿ, ನಾನು ಕೂರ್ತೀನಿ. ಒಂದು ಲಾಳಿ ಎಸೆಯೋಕೆ ಏನು ಮಹಾ?”

ಬೀಗತಿ ಬೇಡವೆನ್ನಲಿಲ್ಲ, ಹೇಗೆ ಹಿಡಿಯಬೇಕು, ಯಾವಾಗ ಬಿಡಬೇಕು ಎಂದು ತೋರಿಸಿದಳು. ಸ್ವಲ್ಪ ಹೊತ್ತು ಸರಿಯಾಗಿಯೇ ನಡೆಯಿತು. ಆಮೇಲೆ ನನಗೆ ಸುಮ್ಮನಿರಲಾಗಲಿಲ್ಲ. ಹುಡುಗಿ ಕೇಳಲಿ, ಈ ಹೆಂಗಸೂ ಕೇಳಲಿ, ಕತೆ ಎಂದರೆ ಏನೆಂದು ತಿಳಿಯಲಿ ಎಂದು ಶುರು ಮಾಡಿದೆ. ಈ ಸಲ ಕಿಣ್ವವನ್ನು ಒಳ್ಳೆಯವಳನ್ನೇ ಮಾಡಿದೆ. ತಂಬಿಗೆಯಲ್ಲಿ ಕ್ಯಾಲ್ಸಿಯಂ ಹೊತ್ತು ಬರುವ ಹೆಂಗಸರನ್ನು ತಂದೆ, ಕಣದ ಬಾಗಿಲಿಗೆ ಒಬ್ಬ ಕಾವಲುಗಾರನನ್ನು ನಿಲ್ಲಿಸಿದೆ. ಕತ್ತಲು ಕವಿಯಿತು, ರಿಕವರಿನ್ ತುಂಬಿದ ತಂಬಿಗೆಯನ್ನು ಎದೆಗೊತ್ತಿಕೊಂಡು ಕಿಣ್ವದ ಕೈ ಹಿಡಿದ, ಅಷ್ಟರಲ್ಲಿ ದೂರದಲ್ಲಿ ಒಂದೇ ಒಂದು ಮಿಂಚುಹುಳ—

“ಬೀಗ್ತಿ” ಎಂದಳು ಅವಳು.

ಮಿಂಚುಹುಳ ತೋರಿಸಲು ನಾನು ಬಲಗೈ ಮೇಲೆತ್ತಿದ್ದೆ. ಲಾಳಿ ಆ ಕೈಯಲ್ಲೇ ಇತ್ತು. ಅಂಚಿನ ಎಳೆ ತುಂಡಾಗಿ ಜೋತಾಡುತ್ತಿತ್ತು. ಅದಕ್ಕೂ ಮುಂಚೆ, ಕಾವಲುಗಾರ ಬಂದ ಹೊತ್ತಿನಿಂದಲೇ ಎಸೆತ ತಪ್ಪುತ್ತಾ ಬಂದದ್ದು ಅಂಚಿನಲ್ಲಿ ಕಾಣುತ್ತಿತ್ತು. ಮಗು ತಿಂದ ರೊಟ್ಟಿಯ ಹಾಗೆ ಅಲ್ಲಲ್ಲಿ ಕಚ್ಚು.

ಶೇಂಗಾ ಬಿಡಿಸುವಾಗ ನನ್ನ ಕೈ ನನ್ನದೇ. ಕತೆ ಎಲ್ಲಿಗೆ ಹೋದರೂ ಅದರ ಪಾಡಿಗೆ ಅದು ಬಿಡಿಸುತ್ತಿರುತ್ತದೆ. ಇಲ್ಲಿ ಇನ್ನೊಬ್ಬರ ಕೈಗೆ ಕಾಯಬೇಕು. ಕಾಯುವುದು ನನಗೆ ಬರಲಿಲ್ಲ.

ಬೀಗತಿ ತಪ್ಪಿದ ಎಳೆಗಳನ್ನು ಬಿಚ್ಚತೊಡಗಿದಳು. ಬೈದಿದ್ದರೆ ಅವಳ ಮೇಲೆ ಕೋಪಿಸಿಕೊಂಡು ಹಗುರಾಗುತ್ತಿದ್ದೆ. ತುಂಡಾದ ಎಳೆಯನ್ನು ಬೆರಳಿನಲ್ಲಿ ಹೊಸೆದು ಸೇರಿಸಿ, ತಲೆ ಎತ್ತದೆ ಕೇಳಿದಳು: “ಮಿಂಚುಹುಳ ಬಂತು. ತರ್ವಾತ?”

ಕೇಳಿದ್ದು ನಿಜವಾಗಿಯೂ ಕೇಳಬೇಕೆಂದೇ. ಹುಡುಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಮುಂದಿನದು ಮರೆತೇ ಹೋಗಿತ್ತು.

ಸಂಜೆ ಬಸ್ಸಿಗೆ ಹೊರಡುವಾಗ ಬೀಗತಿ ಬಾಗಿಲವರೆಗೆ ಬಂದಳು. ಕುಂಕುಮ ಇಟ್ಟು, ಮೆಲ್ಲಗೆ, ಹುಡುಗಿಗೆ ಕೇಳಿಸದ ಹಾಗೆ ಹೇಳಿದಳು: “ಬಂದಾಗಿಂದ ನಮ್ಮ ಚಿಕ್ಕವ್ವ ಆದ್ರೆ ಹಿಂಗೆ ಹೇಳ್ತಿದ್ಳು, ನಮ್ಮ ಚಿಕ್ಕವ್ವ ಆದ್ರೆ ಹಂಗೆ ಹೇಳ್ತಿದ್ಳು ಅಂತ ನನ್ನ ತಲೆ ತಿಂದಾಳೆ. ನನಗೂ ಸಾಕಾಗೈತೆ ಬೀಗ್ತಿ.” ಅವಳ ಮುಖದಲ್ಲಿದ್ದದ್ದನ್ನು ನಾನು ಚೆನ್ನಾಗಿ ಬಲ್ಲೆ; ವಾರದಿಂದ ಕನ್ನಡಿಯಲ್ಲಿ ಅದನ್ನೇ ನೋಡುತ್ತಿದ್ದೆ. ಬಸ್ಸಿನಲ್ಲಿ ಚಳ್ಳಕೆರೆಯವರೆಗೂ ಬಹಳ ಖುಷಿಯಿಂದ ಬಂದೆ.

ಆ ಖುಷಿ ಭಾಷಣದ ದಿನದವರೆಗೆ ಉಳಿಯಿತು. ಹುಡುಗಿಯ ಗೆಳತಿ ಮೊಬೈಲಿನಲ್ಲಿ ಹಿಡಿದು ಕಳಿಸಿದ ವಿಡಿಯೋವನ್ನು ಅಂಗನವಾಡಿಯ ಆಯಾಳನ್ನೂ ಕೂರಿಸಿಕೊಂಡು ನೋಡಿದೆ. ಹುಡುಗಿ ಸಭಾಂಗಣದ ದೀಪ ಆರಿಸಲು ಹೇಳಿ, ಕತ್ತಲಲ್ಲೇ ಮಾತು ಶುರು ಮಾಡಿದಳು. ಗಿಡ್ಡ ಗಿಡ್ಡ ಮಾತು. ಒಂದೊಂದರ ನಡುವೆ ಲಾಳಿ ಓಡುವಷ್ಟು ಬಿಡುವು. ಘಟವಾಣಿ ಇರಲಿಲ್ಲ, ತಂಬಿಗೆ ಇರಲಿಲ್ಲ. ಮಾತು ಮುಗಿಯುವ ಹೊತ್ತಿಗೆ ಕೂತವರಿಗೆಲ್ಲಾ ಒಬ್ಬರ ಮುಖ ಒಬ್ಬರಿಗೆ ಕಂಡಿರಬೇಕು, ಚಪ್ಪಾಳೆ ಜೋರಾಗಿತ್ತು. ಕೊನೆಯಲ್ಲಿ ಹೇಳಿದಳು: “ಇದನ್ನು ಹೇಳಲು ಕಲಿಸಿದ್ದು ನಮ್ಮ ಅತ್ತೆ. ಅವರು ಮಗ್ಗ ನೇಯುತ್ತಾರೆ.”

“ಚಿಕ್ಕವ್ವ ಅಂತ ಅನ್ನಲಿಲ್ವಲ್ರೀ ಟೀಚರೇ?” ಎಂದಳು ಆಯಾ.

“ವಿಡಿಯೋ ಅಷ್ಟಕ್ಕೇ ಕಟ್ ಆಗೈತೆ” ಎಂದೆ.

ಬಹುಮಾನ ಬಂತು. ಎರಡನೆಯದು. ನನ್ನ ಮಿಂಚುಹುಳ ಇದ್ದಿದ್ದರೆ ಮೊದಲನೆಯದೇ ಬರುತ್ತಿತ್ತು ಎಂಬುದು ಇವತ್ತಿಗೂ ನನ್ನ ನಂಬಿಕೆ.

ಹುಡುಗಿ ಹೋದ ಮೇಲೆ ಅಂಚಿನ ಲಾಳಿಗೆ ಜನವಿಲ್ಲವೆಂದು ಬೀಗತಿಯೇ ಫೋನು ಮಾಡಿದಳು. ಗಂಡನ ಭುಜ ನೋವು ಇಳಿದಿರಲಿಲ್ಲ. “ಭಾನುವಾರ ಬರ್ತೀಯಾ? ಕತೆ ಹೇಳದಂಗೆ ಕೂರೋದಾದ್ರೆ.” ಹೋದೆ. ನಾನು ಹೋಗದಿದ್ದರೆ ಇನ್ಯಾರನ್ನಾದರೂ ಆ ಜಾಗದಲ್ಲಿ ಕೂರಿಸುತ್ತಾಳೆ, ರಜೆಗೆ ಬಂದ ಹುಡುಗಿ ಅವರ ಜೊತೆ ನಗುತ್ತಾಳೆ ಎಂಬ ಸಂಕಟಕ್ಕೇ ಹೋದೆ. ಈಗ ಬಾಗಿಲು ದಾಟಿದರೆ ಅಲ್ಲೇ ನಿಲ್ಲುತ್ತೇನೆ, ಕಣ್ಣು ಹೊಂದುವವರೆಗೆ. ಬೀಗತಿಯೂ ಅವಸರ ಮಾಡುವುದಿಲ್ಲ. ಮಗ್ಗದಲ್ಲಿ ಕೂತರೆ ನಮಗಿರುವುದು ಒಂದೇ ಮಾತು. ಹುಡುಗಿ ಅದನ್ನು ನನಗೆ ಮೊದಲು ಹೇಳಿದಳು ಎಂದು ನಾನು, ಇದನ್ನು ತನಗೆ ಮೊದಲು ಹೇಳಿದಳು ಎಂದು ಅವಳು, ಇಬ್ಬರೂ ಬಿಟ್ಟುಕೊಡದೆ, ಲಾಳಿಯ ಜೊತೆಗೇ ಎಸೆಯುತ್ತಿರುತ್ತೇವೆ. ಅಂಚು ಈಗ ನೆಟ್ಟಗೆ ಬರುತ್ತಿದೆ.

ಕಳೆದ ಭಾನುವಾರ ನಾವು ಕೂತಿದ್ದಾಗಲೇ ಹುಡುಗಿಯ ಫೋನು ಬಂತು. ನನ್ನ ಮೊಬೈಲು ಮಡಿಲಲ್ಲೇ ಇತ್ತು. ಬಂದದ್ದು ಬೀಗತಿಯ ಮೊಬೈಲಿಗೆ. ಅವಳು ಅದನ್ನು ಮಗ್ಗದ ಅಂಚಿನ ಮೇಲಿಟ್ಟು ಸ್ಪೀಕರ್ ಒತ್ತಿದಳು.

“ಅತ್ತೆ, ಒಂದು ಹೊಸದು ಸಿಕ್ಕೈತೆ” ಎಂದಳು ಹುಡುಗಿ. ಉಸಿರು ಮೇಲೆ ಕೆಳಗೆ ಆಗುತ್ತಿತ್ತು, ಓಡಿಬಂದವಳ ಹಾಗೆ. “ರಿಕವರಿನ್ನಿಗೆ ಕ್ಯಾಲ್ಸಿಯಂ ಹಿಡಿಯೋ ಜಾಗ ಎರಡು ಐತಲ್ಲ, ಅದರಾಗೆ ಒಂದನ್ನ ನಾನು ಕೆಡಿಸಿ ನೋಡಿದೆ.”

ಬೀಗತಿ ತುಟಿ ತೆರೆದಳು. ಅವಳ ಮಾತು ಹೊರಡುವ ಮೊದಲೇ ನಾನು ಫೋನಿನ ಕಡೆ ಬಾಗಿ, ಗಟ್ಟಿಯಾಗಿ ಕೇಳಿಬಿಟ್ಟೆ:

“ತರ್ವಾತ?”