ಇಟ್ಟಿಗೆ ಪುಡಿ, ನಿಂಬೆ ಹೋಳು

೧೯೮೯ರ ಮೇ ತಿಂಗಳ ಒಂದು ಭಾನುವಾರ, ಬೆಳಗ್ಗೆ ಎಂಟು ಗಂಟೆ. ಯಲ್ದೂರಿನ ನಮ್ಮ ನಡುಮನೆಯಲ್ಲಿ ಅಣ್ಣ, ಅತ್ತಿಗೆ, ಅವರ ಮಗಳು ಕಮಲ, ಅವಳನ್ನು ಮದುವೆಯಾಗಿ ತಿಂಗಳಾಗಿದ್ದ ಅಳಿಯ, ಮತ್ತು ನಾನು. ಕಮಲಳ ಹಲ್ಲು ಹಾಳು ಮಾಡಿದವಳು ನಾನು; ಆ ತಪ್ಪನ್ನು ಅವಳ ತಲೆಗೆ ಕಟ್ಟಿದವಳೂ ನಾನೇ — ಅದನ್ನು ಬಾಯಿಬಿಟ್ಟು ಹೇಳಿದ್ದು ಅಂದು, ಏಳು ವರ್ಷ ತಡವಾಗಿ.

ಹಾಸ್ಟೆಲ್ ವಾರ್ಡನ್ ಕೆಲಸದಿಂದ ನಿವೃತ್ತಳಾಗಿ ನಾನು ಊರಿಗೆ ಬಂದಾಗ ಕಮಲಳಿಗೆ ಹದಿನಾಲ್ಕು. ಅವಳ ಮುಂದಿನ ಹಲ್ಲುಗಳ ಮೇಲೆ ಕಂದು ಗೆರೆಗಳಿದ್ದವು. ಬೀದಿಯ ಎಷ್ಟೋ ಮಕ್ಕಳಿಗೂ ಇದ್ದವು — ಕಂಡೂ ನನಗೆ ಅನುಮಾನ ಬರಲಿಲ್ಲ; ಎಲ್ಲರೂ ಸೋಮಾರಿಗಳು ಎಂದುಕೊಂಡೆ. ನನ್ನ ಹಲ್ಲು ಬೆಳ್ಳಗಿದ್ದವು. ಅದು ನನ್ನ ಶಿಸ್ತು ಎಂದು ನಂಬಿದ್ದೆ.

ದಿನವೂ ಐದೂವರೆಗೆ ಅವಳನ್ನು ಹಿತ್ತಲಿನ ಒಗೆಯುವ ಕಲ್ಲಿನ ಬಳಿ ನಿಲ್ಲಿಸುತ್ತಿದ್ದೆ. ಆ ಹೊತ್ತಿಗೆ ಅಣ್ಣ ಅತ್ತಿಗೆ ಕೊಟ್ಟಿಗೆಯಲ್ಲಿ ಹಾಲು ಕರೆಯುತ್ತಿರುತ್ತಿದ್ದರು. ಮೊದಲು ನಿಂಬೆ ಹೋಳು, ಆಮೇಲೆ ಉಪ್ಪು ಬೆರೆಸಿದ ಇಟ್ಟಿಗೆ ಪುಡಿ — ನನ್ನ ಬೆರಳಿನಿಂದಲೇ ತಿಕ್ಕುತ್ತಿದ್ದೆ. ಉರಿಯುತ್ತದೆ ಎಂದರೆ, ಕೊಳೆ ಬಿಡುವಾಗ ಉರಿಯಲೇಬೇಕು ಎನ್ನುತ್ತಿದ್ದೆ. ಕಲೆ ಹೋಗಲಿಲ್ಲ. ಮಾವಿನ ಕಾಲ ಬಂದಾಗ ಹಣ್ಣು ಕಚ್ಚಿದವಳು ಕೆನ್ನೆ ಹಿಡಿದು ಕೂತುಬಿಟ್ಟಳು; ಮಡಕೆಯ ನೀರು ಕುಡಿದರೂ ಕಣ್ಣು ತುಂಬುತ್ತಿತ್ತು.

ಅತ್ತಿಗೆಯೂ ನಾನೂ ಅವಳನ್ನು ಕೋಲಾರದ ಹಲ್ಲಿನ ಡಾಕ್ಟರ ಹತ್ತಿರ ಕರೆದೊಯ್ದೆವು. ಅವರು ಹೇಳಿದ್ದು ಇಷ್ಟು: ಕಂದು ಗೆರೆ ಕೊಳೆಯಲ್ಲ, ಬೋರ್‌ವೆಲ್ ನೀರಿನಿಂದ ಹಲ್ಲು ಬೆಳೆಯುವಾಗಲೇ ಒಳಗೆ ಸೇರಿದ ಕಲೆ. ಹುಳಿ ತಾಗಿ ಮೆತ್ತಗಾದ ಹೊರಪದರವನ್ನು ಒರಟು ಪುಡಿ ಸವೆಸಿದೆ. ತಣ್ಣಗಿನದು, ಹುಳಿಯಾದದ್ದು ಜುಮ್ಮೆನ್ನುವುದು ಅದಕ್ಕೇ. ಸವೆದದ್ದು ಮತ್ತೆ ಬೆಳೆಯುವುದಿಲ್ಲ.

ನಾನು ಬೆಳೆದದ್ದು ತೆರೆದ ಬಾವಿಯ ನೀರಿನಲ್ಲಿ. ನೀರಿನ ವ್ಯತ್ಯಾಸವನ್ನು ನಡತೆಯ ವ್ಯತ್ಯಾಸ ಎಂದುಕೊಂಡು —

"ಯಾರಮ್ಮ ಹಿಂಗೆ ಉಜ್ಜಿದ್ದು?" ಎಂದರು ಡಾಕ್ಟರು.

"ಇವಳೇ ಡಾಕ್ಟ್ರೇ. ಬೆಳ್ಳಗಾಗ್ಬೇಕು ಅಂತ ಶೋಕಿ. ಬೇಡ ಅಂದ್ರೂ ಕೇಳಲ್ಲ," ಎಂದೆ ನಾನು.

ಹಿರಿಯರಿಗೆ ಎದುರಾಡಬಾರದು ಎಂದು ಕಮಲಳಿಗೆ ಕಲಿಸಿದ್ದವಳೂ ನಾನೇ. ಅತ್ತಿಗೆ ದಾರಿಯುದ್ದಕ್ಕೂ ಅವಳನ್ನು ಬೈದರು. ನಾನು ಬಸ್ಸಿನ ಕಿಟಕಿಯಾಚೆ ನೋಡುತ್ತಾ ಕೂತೆ.

ಆ ಭಾನುವಾರ ನಾನು ಮಾವಿನಹಣ್ಣು ಹೆಚ್ಚಿ ತಟ್ಟೆಗಳಿಗೆ ಹಾಕಿದೆ. ಕಮಲ ಮುಟ್ಟಲಿಲ್ಲ. ಅತ್ತಿಗೆ ಅಳಿಯನಿಗೆ ಹೇಳಿದರು, "ಅವಳು ಶೋಕಿ ರಾಣಿ ಕಣಪ್ಪ. ಹಲ್ಲನ್ನ ತಾನೇ ತಿಕ್ಕಿ ತಿಕ್ಕಿ ಸವೆಸ್ಕೊಂಡವ್ಳೆ."

ಅಳಿಯ ನಕ್ಕ. "ಹಂಗಾದ್ರೆ ಮುಳಬಾಗಿಲ ನಮ್ಮನೇಲೂ ಅದೇ ಹೆಸರು ಇಟ್ರಾಯ್ತು ಬಿಡಿ."

ಕಮಲಳೂ ನಕ್ಕಳು — ತುಟಿ ತೆರೆಯದೆ. ನನ್ನ ಸುಳ್ಳು ಅವಳ ಹೊಸ ಮನೆಗೂ ಹೊರಟು ನಿಂತಿತ್ತು. ಚಾಕು ಕೆಳಗಿಟ್ಟು ಎಲ್ಲವನ್ನೂ ಹೇಳಿದೆ. ಅತ್ತಿಗೆ ನನ್ನನ್ನು ನೋಡಲಿಲ್ಲ. ಅಣ್ಣ ಎದ್ದು ಹೊರಗೆ ಹೋದ.

ಕಮಲ ಕೇಳಿದ್ದು ಒಂದೇ ಮಾತು. "ಅವತ್ತು ಬಸ್ಸಲ್ಲಿ ನಿಮ್ಮ ಮುಖಾನೇ ನೋಡ್ತಿದ್ದೆ ಅತ್ತೆ. ಯಾಕೆ ತಿರುಗ್ಲೇ ಇಲ್ಲ?"

ತಿರುಗಿದ್ದರೆ ಅಲ್ಲೇ ಒಪ್ಪಿಕೊಳ್ಳಬೇಕಾಗುತ್ತಿತ್ತು ಎಂಬ ಹೆದರಿಕೆಯೇ ಉತ್ತರ. ಹೇಳಿದ್ದರೆ ಅದೂ ಒಂದು ನೆಪವಾಗುತ್ತಿತ್ತು.

ಹನ್ನೊಂದರ ಬಸ್ಸಿಗೆ ಅವರು ಹೊರಟರು. ನೀರನ್ನು ಉಗುರುಬೆಚ್ಚಗೆ ಕಾಯಿಸಿ, ಫ್ಲಾಸ್ಕಿಗೆ ತುಂಬಿ, ಅಳಿಯನ ಕೈಗೆ ಕೊಟ್ಟೆ. ಹಿಂತಿರುಗಿ ಬಂದು ಉಳಿದವರ ತಟ್ಟೆಗಳನ್ನು ತೊಳೆದು ಬೋರಲು ಹಾಕಿದೆ. ಕಮಲಳ ತಟ್ಟೆಯಲ್ಲಿ ಮಾವಿನ ಹೋಳುಗಳು ಇಟ್ಟ ಹಾಗೇ ಇದ್ದವು. ಅದನ್ನು ಕೊನೆಯಲ್ಲಿ ತೊಳೆದೆ.